ಇಪ್ಪತ್ತನೆಯ ಬಾರ್ಟ್ಲಿ

ಬೇಸಿಗೆ ಬಂತೆಂದರೆ ನಮ್ಮ ಕಡಲಂಚಿನ ಹಳ್ಳಿ ರಾಸ್‌ಡೂಗೆ ಎರಡು ಥರದ ಜನ ಬರುತ್ತಾರೆ. ಮೀನು ಹಿಡಿಯುವವರು ಮತ್ತು ಮುತ್ತಾತನನ್ನು ಹುಡುಕುವವರು. ಮೀನಿನವರ ಕಾಟವಿಲ್ಲ. ತಾವಾಯಿತು, ತಮ್ಮ ಗಾಳವಾಯಿತು ಎಂದು ಬಂಡೆಯ ಮೇಲೆ ಕೂತಿರುತ್ತಾರೆ. ಮುತ್ತಾತನವರು ಹಾಗಲ್ಲ. ಕಂಕುಳಲ್ಲಿ ದಪ್ಪ ಕಡತ ಇಟ್ಟುಕೊಂಡು, ಸರಿಯಾಗಿ ಹಸು ಕರೆಯುವ ಹೊತ್ತಿಗೆ ಬಂದು ಬಾಗಿಲು ತಟ್ಟಿ, "ಕನೀಲಿ ಅವರ ಮನೆ ಇದೇನಾ?" ಎನ್ನುತ್ತಾರೆ. ಇದೂ ಹೌದು, ಪಕ್ಕದ್ದೂ ಹೌದು, ಎದುರಿನದೂ ಹೌದು. ನಲವತ್ತೊಂದು ಮನೆಯ ಊರಿನಲ್ಲಿ ಇಪ್ಪತ್ತಾರು ಮನೆ ಕನೀಲಿಗಳದೇ. ಅಷ್ಟಕ್ಕೇ ಮುಗಿದಿದ್ದರೆ ಪುಣ್ಯ. ಪಾದ್ರಿ ಬರೆದಾಗ ಅದು ಕಾನಲಿ, ಶಾಲೆಯ ಮೇಷ್ಟ್ರು ಬರೆದಾಗ ಕೆನೆಲಿ, ಪಿಂಚಣಿಯವನು ಬರೆದಾಗ ಓಕನೀಲಿ. ದಿಣ್ಣೆಯ ಮೇಲಿನ ಸ್ಮಶಾನದಲ್ಲಿ ಮೂವರು ಅಣ್ಣತಮ್ಮಂದಿರು ಒಂದೇ ಗುಂಡಿಯಲ್ಲಿ ಮಲಗಿದ್ದಾರೆ. ಮೇಲಿನ ಕಲ್ಲಿನಲ್ಲಿ ಮೂರು ಮನೆತನದ ಹೆಸರು ಕೆತ್ತಿದೆ. ಅದನ್ನು ನೋಡಿ ಬಂದವರು ತಲೆ ಕೆರೆದುಕೊಳ್ಳುತ್ತಾರೆ. ನಾವು ಕೆರೆದುಕೊಳ್ಳುವುದಿಲ್ಲ, ಯಾಕೆಂದರೆ ನಾವು ಆ ಹೆಸರುಗಳನ್ನು ಬಳಸುವುದೇ ಇಲ್ಲ.

ಇಂಥವರನ್ನೆಲ್ಲ ಊರವರು ಸಾಗಹಾಕುವುದು ಡೀಲಿಯಾಳ ಕಡೆಗೆ. ಡೀಲಿಯಾಗೆ ಅರವತ್ತೆಂಟು. ಮೂವತ್ತನಾಲ್ಕು ವರ್ಷ ಈ ಊರಿನ ಅಂಚೆ ಹಂಚಿದವಳು, ಮೊದಲು ಸೈಕಲ್ಲಿನಲ್ಲಿ, ಆಮೇಲೆ ಹಸಿರು ವ್ಯಾನಿನಲ್ಲಿ. "ಮೇರಿ ಕನೀಲಿ, ರಾಸ್‌ಡೂ" ಎಂದು ಒಂದು ಕಾಗದ ಬಂದರೆ ಊರಿನಲ್ಲಿ ಹನ್ನೊಂದು ಮೇರಿ ಕನೀಲಿಯರು. ಅಕ್ಷರ ನೋಡಿ, ಅಂಚೆಚೀಟಿ ನೋಡಿ, ಒಮ್ಮೊಮ್ಮೆ ಮೂಸಿಯೂ ನೋಡಿ ಅದು ಯಾವ ಮೇರಿಯದೆಂದು ಹೇಳುತ್ತಿದ್ದಳು. ಒಂದೇ ಒಂದು ಕಾಗದವೂ ತಪ್ಪು ಮನೆಗೆ ಹೋಗಲಿಲ್ಲವೆಂದು ಆಕೆಗೆ ಜಂಬ. ಇರಲಿ ಬಿಡಿ, ಆ ಜಂಬ ನ್ಯಾಯವಾದದ್ದೇ.

ಆದರೆ ಡೀಲಿಯಾಳದು ಒಂದು ಕಟ್ಟುನಿಟ್ಟಿತ್ತು. ಮುತ್ತಾತನವರ ಜೊತೆ ಗೇಟಿನ ಹತ್ತಿರ ನಿಂತು ಎಷ್ಟು ಹೊತ್ತು ಬೇಕಾದರೂ ಮಾತಾಡುವಳು, ಸ್ಮಶಾನದವರೆಗೂ ಹೋಗಿ ಬರುವಳು, ಮನೆಯೊಳಗೆ ಮಾತ್ರ ಕರೆಯುತ್ತಿರಲಿಲ್ಲ. ಒಳಗೆ ಒಲೆಯ ಪಕ್ಕದಲ್ಲಿ ಅವಳ ಅಮ್ಮ ನ್ಯಾನ್ ಕೂತಿರುತ್ತಿದ್ದಳು. ತೊಂಬತ್ತನಾಲ್ಕು ವಯಸ್ಸು. ನ್ಯಾನ್‌ಗೆ ಒಬ್ಬನೇ ಅಣ್ಣ, ಕೋಲೀನ್ ಅಂತ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ, ಅವಳು ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ, ಅಮ್ಮನ ಜೊತೆ ಜಗಳವಾಡಿಕೊಂಡು ಹೋದವನು. ಬಾಸ್ಟನ್ನಿಗೆ ಹೋದ ಅಂತ ಎಲ್ಲರೂ ಅಂದುಕೊಂಡರು, ಆಗ ಹೋದವರೆಲ್ಲ ಅಲ್ಲಿಗೇ ತಾನೇ ಹೋಗುತ್ತಿದ್ದದ್ದು. ಹೋದವನು ಒಂದು ಕಾಗದ ಹಾಕಲಿಲ್ಲ, ಒಬ್ಬರ ಬಾಯಲ್ಲಿ ಒಂದು ಮಾತು ಹೇಳಿ ಕಳಿಸಲಿಲ್ಲ. ನ್ಯಾನ್ ದಿನಾ ಬೆಳಿಗ್ಗೆ ಅಂಚೆಯವರನ್ನು ಕೇಳುತ್ತಿದ್ದಳು, "ನಮಗೇನಾದ್ರೂ ಬಂತಾ?" ಅಂತ. ಆಮೇಲೆ ಅವಳ ಮಗಳೇ ಅಂಚೆಯವಳಾದಳು. ಮೂವತ್ತನಾಲ್ಕು ವರ್ಷ ಡೀಲಿಯಾ ತನ್ನ ಮನೆಯ ಬಾಗಿಲಲ್ಲಿ ತಾನೇ ನಿಂತು, ತನ್ನ ತಾಯಿಗೆ, "ಇಲ್ಲಮ್ಮ, ಇವತ್ತೂ ಏನಿಲ್ಲ" ಎಂದು ಹೇಳಿದಳು. ಹೇಳಿ ಹೇಳಿ ಆ ಮಾತಿನ ಮೇಲೇ ಅವಳಿಗೆ ಸಿಟ್ಟು ಬಂದುಬಿಟ್ಟಿತ್ತು.

ಹೊರಗಿನವರು ಬಂದು ತಮ್ಮ ಮುತ್ತಾತನ ಮನೆ ಸಿಕ್ಕಿತೆಂದು ಕುಣಿದಾಡಿದ ದಿನ ನ್ಯಾನ್ ಊಟ ಬಿಡುತ್ತಿದ್ದಳು. "ಎಲ್ಲರ ಮನೆಯವರೂ ಹುಡುಕ್ಕೊಂಡು ಬರ್ತಾರೆ. ನಮ್ಮನೇದು ಒಂದು ನಾಯೀನೂ ಬರಲ್ಲ. ನನ್ನ ಮರೆತೇಬಿಟ್ಟ ಕಣೇ ಅವನು" ಎನ್ನುತ್ತಿದ್ದಳು. ಈಚೆಗೆ ವೈದ್ಯರು ಅವಳ ಎದೆಗೆ ಕೊಳವೆ ಇಟ್ಟು ನೋಡಿ, ಡೀಲಿಯಾಳನ್ನು ಪಕ್ಕಕ್ಕೆ ಕರೆದು, ಇನ್ನೊಂದು ಚಳಿಗಾಲ ಕಷ್ಟ ಎಂದಿದ್ದರು. ಅಮ್ಮ ಆ ಮಾತನ್ನೇ ಎದೆಯಲ್ಲಿಟ್ಟುಕೊಂಡು ಹೋಗುತ್ತಾಳಲ್ಲ ಎನ್ನುವ ಸಂಕಟ ಡೀಲಿಯಾಳನ್ನು ತಿನ್ನುತ್ತಿತ್ತು. ಅದಕ್ಕೇ ಗೇಟಿನ ಚಿಲಕ ಯಾವಾಗಲೂ ಹಾಕಿರುತ್ತಿತ್ತು.

ಜೂನ್ ತಿಂಗಳ ಒಂದು ಸೋಮವಾರ ಮಧ್ಯಾಹ್ನದ ಬಸ್ಸಿನಿಂದ ಇಳಿದವಳು ಹಿಲರಿ ಶಾ. ನಲವತ್ತೈದರ ಹೆಂಗಸು, ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ಶಾಲಾ ಶಿಕ್ಷಕಿ. ಮ್ಯಾಕ್‌ಡಾರಾನ ಹೆಂಡದಂಗಡಿಯ ಮೇಲಿನ ವಸತಿಗೃಹದಲ್ಲಿ ಚೀಲ ಇಟ್ಟವಳೇ ನೇರ ಬಂದು ಡೀಲಿಯಾಳ ಗೇಟಿನ ಹತ್ತಿರ ನಿಂತಳು. ಕಂಕುಳಲ್ಲಿ ಕಡತ. ಡೀಲಿಯಾ ಆಲೂಗೆಡ್ಡೆ ಪಾತಿಯಲ್ಲಿ ಕಳೆ ಕೀಳುತ್ತಿದ್ದಳು. ಬಗ್ಗಿದವಳು ಏಳಲಿಲ್ಲ.

"ಕನೀಲಿಗಳಾ?" ಎಂದಳು.

"ಅಲ್ಲ, ಬಾರ್ಟ್ಲಿಗಳು. ನನ್ನ ತಾಯಿಯ ತಂದೆ. ಕೋಲ್ಮನ್ ಬಾರ್ಟ್ಲಿ ಅಂತ."

ಆಗ ಡೀಲಿಯಾ ಎದ್ದಳು. ಸೊಂಟಕ್ಕೆ ಕೈಯಿಟ್ಟು ಒಂದು ಸಲ ಈ ಹೆಂಗಸನ್ನು ಮೇಲಿಂದ ಕೆಳಗೆ ನೋಡಿದಳು.

ಹಿಲರಿ ಬಡಬಡ ಹೇಳತೊಡಗಿದಳು, ಒಂಬತ್ತು ವರ್ಷದ ಹುಡುಕಾಟವನ್ನು ಒಂದೇ ಉಸಿರಿಗೆ. ಅಜ್ಜ ಬಣ್ಣದ ಕಾರ್ಖಾನೆಯಲ್ಲಿ ಕೂಲಿ. ಓದು ಬರಹ ಬರದು. ಮದುವೆಯ ದಾಖಲೆಯಲ್ಲಿ ರುಜುವಿನ ಜಾಗದಲ್ಲಿ ಒಂದು ಅಡ್ಡಗೀಟು, ಊರು ಎಂಬಲ್ಲಿ ರಾಸ್‌ಡೂ. ಊರು ಸಿಕ್ಕಿತು, ಆದರೆ ಈ ಊರಿನ ಯಾವ ದಾಖಲೆಯಲ್ಲೂ ಬಾರ್ಟ್ಲಿ ಎಂಬ ಮನೆತನವಿಲ್ಲ. ಬಾರ್ಟ್ಲಿಗಳು ಇರುವುದು ದೂರದ ಉತ್ತರದಲ್ಲಿ. ಅಲ್ಲಿಗೂ ಹೋಗಿ ಬಂದಿದ್ದಳು, ಅವರು ಟೀ ಕೊಟ್ಟು ಕೈ ಮುಗಿದರು. ಒಬ್ಬ ವಿದ್ವಾಂಸ ಅದು ಮೂಲತಃ ಬಾರ್ಕ್ಲಿ ಎಂದ. ಇನ್ನೊಬ್ಬ ಬರ್ಕ್ಲಿ ಎಂದ, ಜಮೀನ್ದಾರರ ವಂಶ ಎಂದೂ ಸೇರಿಸಿದ. ಮೂರನೆಯವನು ಅದೆಲ್ಲ ಸುಳ್ಳು, ನೀವು ಮೆಕ್‌ಪಾರ್ಲನ್‌ಗಳು ಎಂದು ಕರಡಿಯ ಚಿತ್ರವಿದ್ದ ಒಂದು ವಂಶಲಾಂಛನವನ್ನೂ ಬರೆದುಕೊಟ್ಟ.

"ಕರಡಿನಾ?" ಎಂದಳು ಡೀಲಿಯಾ.

"ಕರಡಿ."

"ಈ ಊರಲ್ಲಿ ಕತ್ತೆ ಇದಾವೆ, ಕುರಿ ಇದಾವೆ. ಕರಡಿ ನಾನು ನೋಡಿಲ್ಲಪ್ಪ." ಅವಳು ಕೈಯ ಮಣ್ಣು ಕೊಡವಿ ಗೇಟಿಗೆ ಒರಗಿದಳು. "ನೋಡಮ್ಮಾ, ಇಲ್ಲಿ ಯಾರೂ ಯಾರನ್ನೂ ಹೆಸರೇನು ಅಂತ ಕೇಳಲ್ಲ. ಯಾರ ಪೈಕಿ ಅಂತ ಕೇಳ್ತೀವಿ. ಕೇಳಿದ್ರೆ ನಿನ್ನ ಹೆಸರು, ನಿಮ್ಮಪ್ಪನ ಹೆಸರು, ಬೇಕಾದ್ರೆ ನಿಮ್ಮ ತಾತಂದೂ ಹೇಳ್ತೀಯ. ಮನೆತನದ ಹೆಸರು ಪಾದ್ರಿಗೆ, ಪೊಲೀಸರಿಗೆ. ನಿಮ್ಮಜ್ಜ ಚಿಕ್ಕ ಹುಡುಗ, ಇಂಗ್ಲೆಂಡಲ್ಲಿ ಹಡಗಿಳಿದ, ಅಥವಾ ಕಾರ್ಖಾನೆ ಬಾಗಿಲಿಗೆ ಹೋಗಿ ನಿಂತ. ಮೇಜಿನ ಹಿಂದೆ ಕೂತವನು ಏನೋ ಕೇಳಿದ. ಇವನು ಹುಟ್ಟಿದಾಗಿನಿಂದ ಏನು ಹೇಳಿದ್ನೋ ಅದನ್ನೇ ಹೇಳಿದ. ಬಾರ್ಟ್ಲಿ ಮಗ ಕೋಲ್ಮನ್ ಅಂತ. ಅವನು ಬರ್ಕೊಂಡ."

ಹಿಲರಿ ಕಡತವನ್ನು ನಿಧಾನಕ್ಕೆ ಗೇಟಿನ ಕಂಬದ ಮೇಲಿಟ್ಟಳು. "ಹಾಗಾದ್ರೆ ಬಾರ್ಟ್ಲಿ ಅನ್ನೋದು..."

"ನಿನ್ನ ಮುತ್ತಾತನ ಹೆಸರು. ಅಷ್ಟೇ. ಮನೆತನ ಗಿನೆತನ ಏನಿಲ್ಲ. ಈ ಊರಲ್ಲಿ ಯಾವ ಕಲ್ಲು ಎತ್ತಿದ್ರೂ ಅದರಡಿ ಒಬ್ಬ ಬಾರ್ಟ್ಲಿ ಇರ್ತಾನೆ. ಕೋಲ್ಮನ್ ಅಂತೂ ಅದಕ್ಕೂ ಜಾಸ್ತಿ. ನಮ್ಮ ಊರ ಸಂತನ ಹೆಸರಲ್ವಾ, ಮನೆಗೊಬ್ಬ."

ಒಂಬತ್ತು ವರ್ಷ! ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೂತು ಅತ್ತುಬಿಡುತ್ತಿದ್ದರು. ಹಿಲರಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಆ ಕರಡಿಗೆ ಚೌಕಟ್ಟು ಹಾಕ್ಸಿದೀನಿ ಡೀಲಿಯಾ, ನಡುಮನೇಲಿ ತೂಗುಹಾಕಿದೀನಿ!" ಎಂದಳು. ಆ ನಗುವಿನಿಂದಲೇ ಡೀಲಿಯಾಗೆ ಅವಳು ಇಷ್ಟವಾಗಿಬಿಟ್ಟಳು. ಒಳಗೆ ಕರೆಯಲಿಲ್ಲ, ಅದು ಬೇರೆ ಮಾತು. ಆದರೆ ಕಳೆ ಕೀಳುವುದನ್ನು ಅಷ್ಟಕ್ಕೇ ಬಿಟ್ಟು ಅವಳ ಜೊತೆ ರಸ್ತೆಗಿಳಿದಳು.

ದಾರಿಯಲ್ಲಿ ಹಿಲರಿ ಬಂದ ಕಾರಣ ಹೇಳಿದಳು. ಅವಳ ತಾಯಿ ಆನ್ ಫೆಬ್ರುವರಿಯಲ್ಲಿ ತೀರಿಕೊಂಡಿದ್ದಳು. ಚಿಕ್ಕವಳಿದ್ದಾಗ ಆನ್ ತನ್ನಪ್ಪನನ್ನು, ನನಗೆ ಯಾರ ಹೆಸರಿಟ್ಟೆ ಎಂದು ಕೇಳುತ್ತಿದ್ದಳಂತೆ. "ಮನೇಲಿರೋಳದು" ಎಂದಷ್ಟೇ ಹೇಳುತ್ತಿದ್ದನಂತೆ ಆತ. ಯಾವ ಮನೆ, ಯಾರು, ಒಂದೂ ಬಾಯಿ ಬಿಡಲಿಲ್ಲ. "ಅಮ್ಮ ಆಸ್ಪತ್ರೇಲೂ ಅದನ್ನೇ ಕೇಳಿದ್ಲು. ಹಿಲರಿ, ನಾನು ಯಾರ ಹೆಸರು ಹೊತ್ಕೊಂಡು ತಿರುಗಿದೆ ಅಂತ ಪತ್ತೆಹಚ್ಚು ಅಂದ್ಲು. ಅವಳಿಗಂತೂ ಹೇಳೋಕಾಗಲಿಲ್ಲ. ನನಗಾದ್ರೂ ಗೊತ್ತಾಗಬೇಕು."

ಡೀಲಿಯಾ ನಡೆಯುತ್ತಿದ್ದವಳು ನಿಂತಳು. ಆಮೇಲೆ, "ನಿಮ್ಮಜ್ಜನ ಮಕ್ಕಳ ಹೆಸರು ಹೇಳು. ಹುಟ್ಟಿದ ಸಾಲಿನಲ್ಲೇ ಹೇಳು" ಎಂದಳು.

ಇದು ಅವಳ ಕೆಲಸದ ರೀತಿ. ನಮ್ಮಲ್ಲಿ ಮಕ್ಕಳಿಗೆ ಹೆಸರು ಬಾಯಿಗೆ ಬಂದ ಹಾಗೆ ಇಡುವುದಿಲ್ಲ. ಮೊದಲ ಗಂಡಿಗೆ ಅಪ್ಪನ ಅಪ್ಪನ ಹೆಸರು, ಮೊದಲ ಹೆಣ್ಣಿಗೆ ಅಮ್ಮನ ಅಮ್ಮನದು, ಎರಡನೆಯ ಹೆಣ್ಣಿಗೆ ಅಪ್ಪನ ಅಮ್ಮನದು, ಆಮೇಲಿನವರಿಗೆ ಒಡಹುಟ್ಟಿದವರ ಹೆಸರು. ಮನೆತನದ ಹೆಸರು ಕೈಕೊಟ್ಟರೂ ಮಕ್ಕಳ ಸಾಲು ಕೈಕೊಡುವುದಿಲ್ಲ.

"ಮೊದಲು ಬಾರ್ಟ್ ಮಾಮ. ಆಮೇಲೆ ಮೇಬಲ್. ಆಮೇಲೆ ನೋರಾ. ಕೊನೇಲಿ ನಮ್ಮಮ್ಮ, ಆನ್."

"ಮೇಬಲ್ ನಿಮ್ಮಜ್ಜಿಯ ತಾಯಿ, ಇಂಗ್ಲಿಷಿನವಳು. ಹೌದು ತಾನೇ? ಹಾಗಾದ್ರೆ ಬಾರ್ಟ್ಲಿ ಹೆಂಡತಿ ನೋರಾ. ಆನ್ ಅನ್ನೋಳು ನಿಮ್ಮಜ್ಜನ ಅಕ್ಕನೋ ತಂಗಿಯೋ." ಡೀಲಿಯಾ ಬೆರಳು ಮಡಿಸತೊಡಗಿದಳು. ಕೆಂಪು ಬಾರ್ಟ್ಲಿ, ದರ್ಜಿ ಬಾರ್ಟ್ಲಿ, ಗುಡ್ಡದ ಬಾರ್ಟ್ಲಿ, ಕುಂಟ ಬಾರ್ಟ್ಲಿ, ಹೊಸಮನೆ ಬಾರ್ಟ್ಲಿ, ಬಾರ್ಟ್ಲಿಯ ಮಗ ಬಾರ್ಟ್ಲಿ. ತಾನು ಅಂಚೆ ಕೊಟ್ಟವರು, ಅಂಚೆ ಕೊಟ್ಟವರ ಅಪ್ಪಂದಿರು, ಅವರ ಅಪ್ಪಂದಿರು. ಒಟ್ಟು ಹತ್ತೊಂಬತ್ತು ಬಾರ್ಟ್ಲಿಗಳು ಸಿಕ್ಕರು. ಹಿಲರಿ ಎಲ್ಲರನ್ನೂ ಕಡತದಲ್ಲಿ ಬರೆದುಕೊಂಡಳು. ಅವರಲ್ಲಿ ನಾಲ್ವರಿಗೆ ನೋರಾ ಎಂಬ ಹೆಂಡತಿ.

ಮಂಗಳವಾರ ಇಡೀ ದಿನ ಆ ನಾಲ್ವರ ಹಿಂದೆ ಬಿದ್ದರು. ಗುಡ್ಡದ ಬಾರ್ಟ್ಲಿಗೆ ಏಳು ಜನ ಹೆಣ್ಣುಮಕ್ಕಳು, ಒಂದೂ ಗಂಡು ಸಂತಾನವಿಲ್ಲ. ದರ್ಜಿಯ ಮಗ ಕೋಲ್ಮನ್ ಪಾದ್ರಿಯಾಗಿ ಆಫ್ರಿಕಕ್ಕೆ ಹೋದವನು. ಹೊಸಮನೆಯ ಕೋಲ್ಮನ್ ಬಾಸ್ಟನ್ನಿನಿಂದ ಸಾಯುವವರೆಗೆ ತಿಂಗಳಿಗೊಂದು ಕಾಗದ ಹಾಕಿದ, ಅಷ್ಟನ್ನೂ ಡೀಲಿಯಾಳೇ ಹಂಚಿದ್ದಳು. ಉಳಿದವನು ಕೆಂಪು ಬಾರ್ಟ್ಲಿಯ ಮಗ ಕೋಲ್ಮನ್. ಅವನು ಎಂಬತ್ತೆಂಟು ವರ್ಷದವನು, ಮ್ಯಾಕ್‌ಡಾರಾನ ಹೆಂಡದಂಗಡಿಯಲ್ಲಿ ಕಿಟಕಿಯ ಪಕ್ಕ ಕೂತಿದ್ದ. ಇವನಲ್ಲವೆಂದು ವಯಸ್ಸೇ ಹೇಳುತ್ತಿತ್ತು, ಆದರೂ ಡೀಲಿಯಾ ಹಿಲರಿಯನ್ನು ಅವನ ಮುಂದೆ ನಿಲ್ಲಿಸಿದಳು.

"ಏನಯ್ಯಾ, ನೀನು ಹಡರ್ಸ್‌ಫೀಲ್ಡಲ್ಲಿ ಸತ್ತಿದೀಯಾ?" ಎಂದಳು.

ಆತ ಲೋಟ ಕೆಳಗಿಟ್ಟು ಯೋಚಿಸಿದ. "ನನಗೆ ಗೊತ್ತಿದ್ದ ಹಾಗೆ ಇಲ್ಲ."

"ಅಲ್ಲೊಬ್ಬಳು ಹೆಂಡತಿ, ನಾಲ್ಕು ಮಕ್ಕಳು ಇದಾರಂತಲ್ಲ."

"ಅಯ್ಯೋ, ಮೊದಲೇ ಹೇಳಬಾರದಾ! ಇಷ್ಟು ವರ್ಷ ಅನ್ಯಾಯವಾಗಿ ಒಬ್ಬನೇ ಆಲೂಗೆಡ್ಡೆ ಬೇಯಿಸ್ಕೊಂಡು ತಿಂದೆನಲ್ಲ" ಎಂದವನೇ ಹಿಲರಿಯ ಕೈ ಹಿಡಿದು, "ಕೂತ್ಕೋ ಮಗಳೇ, ಏನು ಕುಡೀತೀಯ?" ಎಂದ. ಅಂಗಡಿಯೇ ಬಿದ್ದುಬಿದ್ದು ನಕ್ಕಿತು. ಹಿಲರಿ ಅವನ ಪಕ್ಕದಲ್ಲಿ ಕೂತು ಒಂದು ಲೋಟ ಕರಿ ಬಿಯರು ಕುಡಿದಳು. ಎದುರಿನವನು "ನೀನು ಯಾರ ಪೈಕಿ?" ಎಂದು ಕೇಳಿದಾಗ, "ಹಿಲರಿ ಶಾ" ಎಂದಳು. ಡೀಲಿಯಾ ಅವಳ ತೋಳಿಗೆ ಒಂದು ತಿವಿದಳು.

"ಹಾಗಲ್ಲ ಕಣೇ. ಎಷ್ಟು ಸಲ ಹೇಳಬೇಕು ನಿಂಗೆ! ಹಿಲರಿ, ಆನ್ ಮಗಳು, ಕೋಲೀನ್ ಬಾರ್ಟ್ಲಿ ಮೊಮ್ಮಗಳು. ಕೋಲ್ಮನ್ ಅಂತ ಕಾಗದದಲ್ಲಿ ಬರೀತಾರೆ, ಬಾಯಲ್ಲಿ ಕೋಲೀನ್. ಹೇಳು."

ಹಿಲರಿ ಹೇಳಿದಳು. ಮೂರು ಸಲ ಹೇಳಿಸಿ ಡೀಲಿಯಾ ಬಿಟ್ಟಳು. ತನ್ನ ಬಾಯಿಂದಲೇ ಆ ಹೆಸರು ಹೇಳಿಕೊಟ್ಟಳು, ನೋಡಿ, ಆದರೂ ಅವಳಿಗೆ ಹೊಳೆಯಲಿಲ್ಲ. ಊರಿನವರ ಮನೆ ಬಾಗಿಲನ್ನೆಲ್ಲ ತಟ್ಟಿದಳು, ತನ್ನ ಮನೆಯದನ್ನು ಬಿಟ್ಟು. ಅವಳ ಮನೆಯಲ್ಲಿ ಬಾರ್ಟ್ಲಿ ಎಂಬ ಮಾತೇ ಇರಲಿಲ್ಲ. ಅವಳು ಡೀಲಿಯಾ ನ್ಯಾನ್ ನೋರಾ. ನ್ಯಾನ್‌ಳ ಮಗಳು, ನೋರಾಳ ಮೊಮ್ಮಗಳು. ಅವಳಪ್ಪ ಮನೆ ಅಳಿಯನಾಗಿ ಬಂದವನು, ಅವನ ಹೆಸರೂ ಆ ಸಾಲಿನಲ್ಲಿ ಸೇರಲಿಲ್ಲ. ಅಜ್ಜ ಸಮುದ್ರದಲ್ಲಿ ಹೋದ, ಹೆಣ ಸಿಗಲಿಲ್ಲ, ಹಾಗಾಗಿ ಕಲ್ಲೂ ಇಲ್ಲ. ಮನೆಯಲ್ಲಿ ಅವನ ಸುದ್ದಿ ಎತ್ತಿದವರಿಗೆ ಅಜ್ಜಿ ಸೌಟು ತೋರಿಸುತ್ತಿದ್ದಳು. ಡೀಲಿಯಾಳ ಪಾಲಿಗೆ ಅವನು ಬರೀ "ಮುಳುಗಿಹೋದವರು". ಹಾಗೆ ಬೆಳೆದವಳಿಗೆ ಹೊಳೆಯುವುದಾದರೂ ಹೇಗೆ?

ಬುಧವಾರ ಬೆಳಿಗ್ಗೆಯಿಂದ ಮಳೆ. ಮರುದಿನ ಒಂಬತ್ತರ ಬಸ್ಸಿಗೆ ಹಿಲರಿ ಹೊರಡಬೇಕು, ಶುಕ್ರವಾರ ಶಾಲೆಯಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಅವಳು ವಿದಾಯ ಹೇಳಲು ಬಂದಳು. ಕಡತವನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ತಾನು ತೊಪ್ಪೆಯಾಗಿ ನೆನೆದಿದ್ದಳು. ಗೇಟಿನ ಆಚೆ ನಿಂತು, "ಬೇಡ ಡೀಲಿಯಾ, ಒಳಗೆ ಬರಲ್ಲ. ನಿಮಗೆ ಥ್ಯಾಂಕ್ಸ್ ಹೇಳೋಣ ಅಂತ ಬಂದೆ. ಅಮ್ಮನಿಗೆ ಉತ್ತರ ಸಿಗಲಿಲ್ಲ, ಹೋಗ್ಲಿ. ಇವು ನಮ್ಮಜ್ಜ ಓಡಾಡಿದ ರಸ್ತೆ ಅಂತಾದ್ರೂ ಗೊತ್ತಾಯ್ತಲ್ಲ" ಎಂದಳು. ಹೇಳುತ್ತಾ ಹೇಳುತ್ತಾ ಎರಡು ಸಲ ಸೀನಿದಳು.

ಡೀಲಿಯಾ ಒಮ್ಮೆ ಬಾಗಿಲ ಕಡೆ ನೋಡಿದಳು, ಒಮ್ಮೆ ಇವಳ ಕಡೆ. ಅಮ್ಮ ಊಟ ಬಿಟ್ಟರೆ ಬಿಡಲಿ, ಮಳೆಯಲ್ಲಿ ನೆಂದ ಹೆಂಗಸನ್ನು ಬಾಗಿಲಾಚೆ ನಿಲ್ಲಿಸುವಷ್ಟು ಕೆಟ್ಟವಳೇನೂ ತಾನಲ್ಲ ಎಂದುಕೊಂಡಳು. ಚಿಲಕ ತೆಗೆದಳು.

"ಒಳಗೆ ನಮ್ಮಮ್ಮ ಇದಾಳೆ. ಕಿವಿ ಮಂದ, ಅಂದ್ರೆ ಅವಳಿಗೆ ಬೇಡವಾದಾಗ ಮಂದ. ನೀನು ಮಳೆ ವಿಷಯ ಮಾತಾಡು, ದನದ ವಿಷಯ ಮಾತಾಡು. ಹುಡುಕ್ಕೊಂಡು ಬಂದೆ ಗಿಂದೆ ಅಂತ ಮಾತ್ರ ಬಾಯಿ ಬಿಡಬೇಡ. ಅವಳ ಅಣ್ಣ ಹೋದವನು ತಿರುಗಿ ನೋಡಲಿಲ್ಲ. ಅವಳಿಗೆ ಸಂಕಟ ಆಗುತ್ತೆ" ಎಂದು ಪಿಸುಗುಟ್ಟಿದಳು.

ಅಡುಗೆಮನೆಯಲ್ಲಿ ಒಲೆ ಬೆಚ್ಚಗೆ ಉರಿಯುತ್ತಿತ್ತು. ನ್ಯಾನ್ ಮಂಡಿಯ ಮೇಲೆ ಶಾಲು ಹೊದ್ದು, ಟೀ ಬಟ್ಟಲು ಹಿಡಿದು ಕೂತಿದ್ದಳು. ಹಿಲರಿಯ ಕೋಟನ್ನು ಡೀಲಿಯಾ ಒಲೆಯ ಮೇಲಿನ ಕಂಬಿಗೆ ನೇತುಹಾಕಿದಳು, ಬಿಸಿ ರೊಟ್ಟಿ ಕೊಯ್ದು ಬೆಣ್ಣೆ ಬಳಿದು ಮುಂದಿಟ್ಟಳು. ಹಿಲರಿ ಹೇಳಿಕೊಟ್ಟ ಹಾಗೆ ಮಳೆಯ ವಿಷಯ ಎತ್ತಿದಳು. ನ್ಯಾನ್‌ಗೆ ಮಳೆ ಬೇಕಾಗಿರಲಿಲ್ಲ.

"ಯಾರ ಪೈಕಿನೇ ನೀನು?" ಎಂದಳು.

ಹಿಲರಿ ಡೀಲಿಯಾಳ ಮುಖ ನೋಡಿದಳು. ಡೀಲಿಯಾ ತಲೆಯಾಡಿಸಿ ಬೇಡ ಎನ್ನುವಷ್ಟರಲ್ಲಿ, ಮೂರು ಸಲ ಬಾಯಿಪಾಠ ಮಾಡಿದ್ದು ಹಿಲರಿಯ ಬಾಯಿಂದ ತಾನಾಗಿ ಬಂದುಬಿಟ್ಟಿತು. "ಹಿಲರಿ ಅಜ್ಜಿ. ಆನ್ ಮಗಳು. ಕೋಲೀನ್ ಬಾರ್ಟ್ಲಿ ಮೊಮ್ಮಗಳು."

ನ್ಯಾನ್ ಬಟ್ಟಲನ್ನು ಒಲೆಯ ಅಂಚಿನ ಮೇಲಿಟ್ಟಳು. ಟೀ ಸ್ವಲ್ಪ ಚೆಲ್ಲಿತು.

"ಯಾವ ಕೋಲೀನ್ ಬಾರ್ಟ್ಲಿ? ನಮ್ಮ ಕೋಲೀನ್ ಬಾರ್ಟ್ಲಿನಾ?"

"ಅಲ್ಲಮ್ಮ," ಎಂದು ಡೀಲಿಯಾ ಅಡ್ಡ ಬಂದಳು, "ಇವರದು ಬೇರೆ. ನಮ್ಮ ಕೋಲೀನ್ ಅಂದ್ರೆ ಕೋಲೀನ್ ನೋರಾ ಅಲ್ವಾ. ನೀನು ನ್ಯಾನ್ ನೋರಾ, ಅವನು ಕೋಲೀನ್ ನೋರಾ."

"ಯಾವಳೇ ಅವಳು ನಿಂಗೆ ಹಾಗೆ ಹೇಳಿದ್ದು?" ನ್ಯಾನ್‌ಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅವಳ ದನಿ ಇಪ್ಪತ್ತು ವರ್ಷ ಚಿಕ್ಕದಾಗುತ್ತಿತ್ತು. "ನಾನು ನೋರಾ ಮಗಳು, ಹೌದು. ಅಪ್ಪ ಹೋದಾಗ ನಾನು ತೊಟ್ಟಿಲಲ್ಲಿದ್ದೆ, ಅವರ ಮುಖಾನೇ ನೋಡಿಲ್ಲ. ವಿಧವೆ ಮಗು ಅಂತ ಊರೆಲ್ಲ ನ್ಯಾನ್ ನೋರಾ ಅಂತ ಕರೀತು. ಅವನಿಗೆ ಒಂಬತ್ತು ವರ್ಷ ಆಗಿತ್ತಲ್ಲೇ! ಒಂಬತ್ತು ವರ್ಷ ಬಾರ್ಟ್ಲಿ ಮಗ ಆಗಿದ್ದೋನು. ನೋರಾ ಮಗ ಅಂತ ಯಾರಾದ್ರೂ ಕರೆದ್ರೆ ಕಲ್ಲು ಹೊಡೀತಿದ್ದ. ಕಡೇವರೆಗೂ ಕೋಲೀನ್ ಬಾರ್ಟ್ಲಿನೇ ಅವನು."

ಡೀಲಿಯಾ ರೊಟ್ಟಿ ಕೊಯ್ಯುವ ಚಾಕುವನ್ನು ಹಿಡಿದುಕೊಂಡೇ ನಿಂತಳು. ಹತ್ತೊಂಬತ್ತು ಎಣಿಸಿದ್ದಳು. ಇಪ್ಪತ್ತನೆಯವನು ಅವಳ ಸ್ವಂತ ಅಜ್ಜ. ಮೂವತ್ತನಾಲ್ಕು ವರ್ಷ ಊರಿಗೆಲ್ಲ ಹೆಸರು ಹೇಳಿ ಮೆರೆದವಳು ತನ್ನ ಮನೆಯದೇ ಹೆಸರನ್ನು ಕಾಣದೆ ಹೋದಳಲ್ಲ ಎಂದು ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಸಾಲದ್ದಕ್ಕೆ, ಹುಡುಕಿಕೊಂಡು ಬಂದವರಿಗೆಲ್ಲ ಇದೊಂದೇ ಮನೆಯ ಗೇಟಿಗೆ ಚಿಲಕ ಹಾಕಿದ್ದವಳೂ ತಾನೇ.

"ಅಮ್ಮಾ," ಎಂದಳು ಕಷ್ಟಪಟ್ಟು. "ಅವನು ಯಾಕೆ ಹೋದ? ಜಗಳ ಯಾತಕ್ಕೆ ಆಯ್ತು?"

"ದೋಣಿಗೆ. ಅಪ್ಪ ಬರಲಿಲ್ಲ, ದೋಣಿ ಮಾತ್ರ ದಡಕ್ಕೆ ಬಂತು. ಒಂಬತ್ತು ವರ್ಷ ಕವುಚಿ ಇಟ್ಟಿದ್ರು. ಇವನು ಅದಕ್ಕೆ ನೀರು ಒಸರದ ಹಾಗೆ ಹೊಸದಾಗಿ ಡಾಂಬರು ಬಳಿದ, ಮೀನಿಗೆ ಹೋಗ್ತೀನಿ ಅಂದ. ಅಮ್ಮ ಬೆಂಕಿ ಹಚ್ಚಿಬಿಟ್ಲು. ನಾನು ಶಾಲೆಯಿಂದ ಬರೋ ಹೊತ್ತಿಗೆ ಅಂಗಳದ ತುಂಬ ಡಾಂಬರು ಸುಟ್ಟ ನಾತ. ಅಣ್ಣ ಇಲ್ಲ."

ಹಿಲರಿಯ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು. "ಡಾಂಬರು," ಎಂದಳು. "ಅಜ್ಜಿ, ನಮ್ಮ ಬೀದಿಗೆ ಡಾಂಬರು ಹಾಕೋಕೆ ಬಂದ್ರೆ ನಮ್ಮಜ್ಜ ಕಿಟಕಿ ಬಾಗಿಲು ಎಲ್ಲಾ ಮುಚ್ಚಿ ಒಳಗೆ ಕೂರ್ತಿದ್ರು. ಎರಡೆರಡು ದಿನ ಕೆಲಸಕ್ಕೂ ಹೋಗ್ತಿರಲಿಲ್ಲ ಅಂತ ಅಮ್ಮ ಹೇಳ್ತಿದ್ಲು. ಯಾಕೆ ಅಂತ ನಮ್ಮಜ್ಜಿಗೂ ಗೊತ್ತಿರಲಿಲ್ಲ."

ಒಲೆಯ ಮೇಲೆ ಕೋಟು ಹಬೆಯಾಡುತ್ತಿತ್ತು. ನ್ಯಾನ್ ಸಂತೋಷದಿಂದ ಅಳುತ್ತಾಳೆಂದು ಡೀಲಿಯಾ ಕಾದಳು. ಆದರೆ ಮುದುಕಿಯ ಮುಖ ಬಿಗಿದುಕೊಂಡೇ ಇತ್ತು. ಎಂಬತ್ತೈದು ವರ್ಷದ ಕೋಪ ಅಷ್ಟು ಸಲೀಸಾಗಿ ಇಳಿಯುತ್ತದೆಯೇ?

"ಅವನಿಗೆ ಬರೆಯೋಕೆ ಬರ್ತಿರಲಿಲ್ಲ, ಸರಿ," ಎಂದಳು. "ಯಾರ ಕೈಲಾದ್ರೂ ಬರೆಸಬಹುದಿತ್ತಲ್ಲ. ಅಮ್ಮನ ಮೇಲೆ ಸಿಟ್ಟು ಇರ್ಲಿ. ನಾನೇನು ಮಾಡಿದ್ದೆ ಅವನಿಗೆ? ನನ್ನ ಬೂಟಿನ ದಾರ ಕಟ್ಟಿ ಶಾಲೆಗೆ ಕಳಿಸಿದೋನು ಅವತ್ತು ಬೆಳಿಗ್ಗೆ ಅವನೇ. ನನ್ನ ಮರೆತುಬಿಟ್ಟ."

"ಬರೆಸಬಹುದಿತ್ತು ಅಜ್ಜಿ," ಎಂದಳು ಹಿಲರಿ. ಅವಳು ಸುಳ್ಳು ಹೇಳುವವಳಲ್ಲ. "ಯಾಕೆ ಬರೆಸಲಿಲ್ಲ ಅಂತ ನಂಗೊತ್ತಿಲ್ಲ. ಮನೆ ವಿಷಯ ಅವರು ಮಾತೇ ಆಡ್ತಿರಲಿಲ್ಲ." ಅವಳು ಕುರ್ಚಿಯನ್ನು ನ್ಯಾನ್‌ಳ ಹತ್ತಿರಕ್ಕೆ ಎಳೆದುಕೊಂಡಳು. "ಆದ್ರೆ ಒಂದು ವಿಷಯ ಹೇಳ್ತೀನಿ ಕೇಳಿ. ಡೀಲಿಯಾ, ನಿಮಗೆ ಮಕ್ಕಳ ಹೆಸರು ಹೇಳಿದಾಗ ನಾಲ್ಕು ಹೇಳಿದೆ. ಹುಟ್ಟಿದ್ದು ಐದು. ನಮ್ಮಮ್ಮನಿಗಿಂತ ಮೊದಲು ಒಂದು ಹೆಣ್ಣು ಮಗು ಹುಟ್ಟಿತ್ತು. ಎಂಟು ದಿನ ಬದುಕಿತ್ತು. ಅದಕ್ಕೂ ಆನ್ ಅಂತ ಹೆಸರಿಟ್ಟಿದ್ರು. ಎರಡು ವರ್ಷ ಬಿಟ್ಟು ನಮ್ಮಮ್ಮ ಹುಟ್ಟಿದಾಗ ಅಜ್ಜ ಮತ್ತೆ ಅದೇ ಹೆಸರು ಅಂದ್ರು. ನಮ್ಮಜ್ಜಿ ಬಿಕ್ಕಿಬಿಕ್ಕಿ ಅತ್ತಳಂತೆ, ಸತ್ತ ಮಗೂದು ಬೇಡ, ಅಪಶಕುನ, ಬೇರೆ ಏನಾದ್ರೂ ಇಡು ಅಂತ. ಅವರು ಒಂದೇ ಹಠ. ಈ ಮನೇಲಿ ಆ ಹೆಸರು ಇರಲೇಬೇಕು ಅಂದ್ರಂತೆ."

ಡೀಲಿಯಾ ಚಾಕು ಕೆಳಗಿಟ್ಟು ಕೇಳಿದಳು. ಪಾದ್ರಿಯ ಪುಸ್ತಕದಲ್ಲಿ ಅಮ್ಮನ ಹೆಸರೂ ಆನ್, ನ್ಯಾನ್ ಎನ್ನುವುದು ಬಾಯಲ್ಲಿ. "ನಿಮ್ಮಮ್ಮನ್ನ ಏನಂತ ಕರೀತಿದ್ರು ಅವರು? ಆನ್ ಅಂತಾನಾ?"

"ಇಲ್ಲ, ಆನ್ ಅಂತ ಕರೀತಿದ್ದದ್ದು ಅಜ್ಜಿ. ಅಜ್ಜ ನ್ಯಾನ್ ಅಂತಿದ್ರು. ಬೀದಿ ಆ ತುದೀಲಿ ಅಮ್ಮ ಆಡ್ತಾ ಇದ್ರೆ ಈ ತುದಿಯಿಂದ ಕೂಗೋರು, ನ್ಯಾನ್, ಬಾ, ಕತ್ತಲಾಯ್ತು, ಒಳಗೆ ಬಾ ಅಂತ. ಅಮ್ಮ ಮದುವೆಯಾಗಿ ಹೋದ್ಮೇಲೂ ಸಂಜೆ ಹೊತ್ತು ಬಾಗಿಲಲ್ಲಿ ನಿಂತು ಕೂಗ್ತಿದ್ರಂತೆ. ಮುದುಕನಿಗೆ ಅರಳುಮರುಳು ಅಂತ ಬೀದಿಯವರು ನಗ್ತಿದ್ರಂತೆ."

ನ್ಯಾನ್ ಮೆಲ್ಲಗೆ ಕೈ ಚಾಚಿದಳು. ಹಿಲರಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ಹಣೆ, ಮೂಗು, ಗದ್ದ ಎಲ್ಲವನ್ನೂ ನೋಡಿದಳು. ನಿಧಾನವಾಗಿ, ಅವಸರವಿಲ್ಲದೆ ನೋಡಿದಳು.

"ಗದ್ದ ಅವನದೇ," ಎಂದಳು. "ಹಾಗಾದ್ರೆ ದಿನಾ ಕರೀತಿದ್ದ ನನ್ನ."

"ದಿನಾ, ಅಜ್ಜಿ."

"ನಾನು ಕೇಳಿಸ್ಕೊಳ್ಳಲಿಲ್ಲ ಅಷ್ಟೇ" ಎಂದು ನ್ಯಾನ್ ಹಿಲರಿಯ ಒದ್ದೆ ತಲೆಯನ್ನು ತನ್ನ ಶಾಲಿನೊಳಗೆ ಎಳೆದುಕೊಂಡಳು. ಆಗ ಅತ್ತಳು. ಹಿಲರಿಯೂ ಅತ್ತಳು, ಅವಳಮ್ಮ ಹೊತ್ತುಕೊಂಡು ತಿರುಗಿದ ಹೆಸರಿನ ಒಡತಿಯ ಮಡಿಲಲ್ಲಿ. ಡೀಲಿಯಾ ಮಾತ್ರ ಈರುಳ್ಳಿ ಬುಟ್ಟಿಯನ್ನು ತೆಗೆದುಕೊಂಡು ಇಬ್ಬರಿಗೂ ಬೆನ್ನು ಹಾಕಿ ನಿಂತು, ಸಾರಿಗೆ ಬೇಡದಷ್ಟು ಈರುಳ್ಳಿ ಹೆಚ್ಚಿದಳು.

ಆ ಸಂಜೆ ನ್ಯಾನ್ ಎರಡು ಸಲ ಬಡಿಸಿಕೊಂಡಳು. ಉಪ್ಪುಮೀನು, ಆಲೂಗೆಡ್ಡೆ, ಬೆಣ್ಣೆ. ಅತ್ತಿಗೆ ಹೇಗಿದ್ದಳು, ಒಳ್ಳೆಯವಳಾ, ಅಣ್ಣನಿಗೆ ತಲೆಗೂದಲು ಕಡೆಯವರೆಗೂ ಇತ್ತಾ, ಈ ಕರಡಿ ಯಾವುದು, ಎಲ್ಲವನ್ನೂ ಕೇಳಿದಳು. ಕರಡಿಯ ಕಥೆ ಕೇಳಿ ಕೆಮ್ಮು ಬರುವಷ್ಟು ನಕ್ಕಳು. ಮ್ಯಾಕ್‌ಡಾರಾನ ಹತ್ತಿರ ಇದ್ದ ಚೀಲವನ್ನು ಡೀಲಿಯಾಳೇ ಹೋಗಿ ತಂದಳು. ನಮ್ಮ ಮನೆಯ ಹುಡುಗಿ ಹೆಂಡದಂಗಡಿಯ ಮೇಲೆ ಮಲಗುವುದೆಂದರೇನು ಎಂದು ಅಲ್ಲಿ ಎಲ್ಲರಿಗೂ ಕೇಳುವ ಹಾಗೆ ಗದರಿಯೂ ಬಂದಳು. ಮಹಡಿಯ ಕೋಣೆಯಲ್ಲಿ ಹೊಸ ಹಾಸಿಗೆ ಬಟ್ಟೆ ಹಾಸಿದಳು. ಅದು ಒಂದು ಕಾಲದಲ್ಲಿ ಕೋಲೀನ್ ಮಲಗುತ್ತಿದ್ದ ಕೋಣೆಯಾಗಿತ್ತು.

ಗುರುವಾರ ಬೆಳಿಗ್ಗೆ ಮಳೆ ನಿಂತಿತ್ತು. ಒಂಬತ್ತರ ಬಸ್ಸು ತನ್ನ ಪಾಡಿಗೆ ತಾನು ಬಂದು, ಹಾರ್ನ್ ಹೊಡೆದು, ಹೋಯಿತು. ಡೀಲಿಯಾ ಕೇಳಿಸಿಕೊಂಡಳು, ಯಾರನ್ನೂ ಎಬ್ಬಿಸಲಿಲ್ಲ. ಅದರ ಹಿಂದೆಯೇ ಹಸಿರು ವ್ಯಾನು ಬಂತು, ಗೇಟಿನ ಹತ್ತಿರ ನಿಧಾನ ಮಾಡಿತು, ಮುಂದಕ್ಕೆ ಹೋಯಿತು. ಒಲೆಯ ಪಕ್ಕದಲ್ಲಿ ನ್ಯಾನ್ ಕಿಟಕಿಯ ಕಡೆ ಕತ್ತು ಚಾಚಿದಳು. ಅಭ್ಯಾಸ ನೋಡಿ, ಎಂಬತ್ತೈದು ವರ್ಷದ್ದು.

"ನಮಗೇನಾದ್ರೂ ಬಂತಾ?"

ಡೀಲಿಯಾ ಗಂಜಿ ಕಲಕುತ್ತಿದ್ದವಳು ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿ ಪಕ್ಕಕ್ಕಿಟ್ಟಳು.

"ಬಂತಲ್ಲಮ್ಮ," ಎಂದಳು. "ಮಹಡಿ ಮೇಲಿದೆ. ಇನ್ನೂ ಎದ್ದಿಲ್ಲ."